ಸುಧಕ್ಕನ ಕೈಗೆ ಎಟುಕದ ಪೈಪು

ಹೊರದೇಶದ ಮಿಲ್ಟನ್ ಅನ್ನೋ ಊರಿನಲ್ಲಿ ವೆಲ್ಡಿಂಗ್ ಮಾಡಿಕೊಂಡಿದ್ದಾಗ, ಅಲ್ಲೇ ನೆಲೆಸಿದ್ದ ಮೈಸೂರಿನ ರಘು ಸರ್ ತಮ್ಮ ಗ್ಯಾರೇಜಿಗೆ ನನ್ನನ್ನು ಕರೆದರು. ಗಂಡ, ಹೆಂಡತಿ, ಮಗಳು ಮೂವರೂ ಸೇರಿ ಎಂಬತ್ತು ವರ್ಷದ ಹಳೇ ಕಾರೊಂದನ್ನು ವೇಗದ ಓಟಕ್ಕೆ ಕಟ್ಟುತ್ತಿದ್ದರು. ಉಪ್ಪಿನ ಬಯಲಿನಲ್ಲಿ ನೇರಕ್ಕೆ ಓಡಿಸಿ ವೇಗ ಅಳೆಯುತ್ತಾರಂತೆ. ಹೊರಡಲು ಹತ್ತೇ ದಿನ ಉಳಿದಿತ್ತು. ಕಾರು ಮಗುಚಿದರೆ ತಲೆ ಉಳಿಸುವ ಪೈಪಿನ ಗೂಡು ನನ್ನ ಕೆಲಸ. ವೈರು ಜೋಡಿಸುತ್ತ ಸೀಟಿನಲ್ಲಿ ಕೂತಿದ್ದ ಸರ್ ಅಳತೆಗೇ, ಯಾರನ್ನೂ ಕೇಳದೆ, ಬೆಸೆದುಬಿಟ್ಟೆ.

ಸಂಜೆ ಹೆಲ್ಮೆಟ್ ಹಾಕಿಕೊಂಡು ಒಳಗೆ ಇಳಿದವರು ಅವರ ಹೆಂಡತಿ ಸುಧಕ್ಕ. ಬೆಂಕಿ ಹತ್ತಿದರೆ ಕ್ಷಣದಲ್ಲಿ ಹೊರಬರಬೇಕು, ಇಲ್ಲದಿದ್ದರೆ ತಪಾಸಣೆಯವರು ಓಡಿಸಲು ಬಿಡುವುದಿಲ್ಲ. ಹಿಡಿದು ಮೇಲೇಳಬೇಕಾದ ಪೈಪು ಅಕ್ಕನ ಕೈಗೆ ಎಟುಕಲೇ ಇಲ್ಲ.

"ಓಡಿಸೋದು ಸರ್ ಅಲ್ವಾ?" ಅಂದೆ.

"ಇವರಾ? ಹೈವೇಲಿ ಲಾರಿ ಪಕ್ಕಕ್ಕೆ ಬಂದ್ರೆ ಕಣ್ಣು ಮುಚ್ಕೋತಾರೆ!" ಅಂದರು ಅಕ್ಕ.

"ಅಮ್ಮಾ, ಫೋಕಸ್!" ಅಂದಳು ಸೆಕೆಂಡು ಎಣಿಸುತ್ತಿದ್ದ ಮಗಳು.

"ಕೆಳಗೊಂದು ದಿಂಬು ಇಟ್ರೆ ಎಟುಕುತ್ತೆ ಅಕ್ಕಾ."

"ಇನ್ನೂರು ಮೈಲಿ ವೇಗದಲ್ಲಿ ದಿಂಬು ಜಾರಿದ್ರೆ ನೀವು ಬಂದು ಹಿಡ್ಕೋತೀರಾ? ಕತ್ತರಿಸಿ ಅಣ್ಣಾ."

ಬೈತಾರೆ ಅಂದುಕೊಂಡಿದ್ದೆ, ಯಾರೂ ಬೈಯಲಿಲ್ಲ. ಸರ್ ಕಟರ್ ತಂದರು, ಮಗಳು ಪೈಪು ಹಿಡಿದಳು. ಮೂರು ದಿನ, ಒಂದೊಂದು ಪೈಪಿಗೂ ಅಕ್ಕ ಮೊದಲು ಕೂತು ಕೈ ಚಾಚಿ ನೋಡಿದ ಮೇಲೆಯೇ ಬೆಸೆದೆ. ಕೊನೆಗೆ ಅವರು ಬೆಲ್ಟು ಬಿಚ್ಚಿ, ನಾನು ಉಸಿರು ಬಿಡುವಷ್ಟರಲ್ಲಿ ಹೊರಗೆ ನಿಂತಿದ್ದರು. ಮಗಳು ಕುಣಿದೇಬಿಟ್ಟಳು. ಇಂಥ ಹೆಂಗಸನ್ನು, ಇಂಥ ಸಂಸಾರವನ್ನು ನಾನು ತಿರುಗಿದ ಊರುಗಳಲ್ಲೆಲ್ಲೂ ಕಂಡಿರಲಿಲ್ಲ.

ಅವತ್ತು ಅಕ್ಕ ತಾವೇ ಮನೆಯ ಕಾರಿನಲ್ಲಿ ನನ್ನನ್ನು ಸ್ಟೇಷನ್ನಿಗೆ ಬಿಡಲು ಬಂದರು. ನಲವತ್ತರ ವೇಗಮಿತಿಯ ರಸ್ತೆಯಲ್ಲಿ ಮುಳ್ಳು ಮೂವತ್ತೆಂಟು ದಾಟಲೇ ಇಲ್ಲ. ನನ್ನ ಟ್ರೈನು ಕಣ್ಣೆದುರೇ ಹೋಯಿತು.