ಉಚ್ಚೆಂಗಮ್ಮನ ಒದ್ದೆ ಬಟ್ಟೆ

ಉಚ್ಚೆಂಗಮ್ಮನ ಕೈಗೆ ಸುಮ್ಮನಿರುವುದು ಗೊತ್ತಿಲ್ಲ. ಸಂಡೂರಿನ ಗುಡ್ಡಗಳಲ್ಲಿ ಇಪ್ಪತ್ತೆರಡು ವರ್ಷ ಅದಿರು ಆರಿಸಿದ ಕೈ ಅದು. ಯಂತ್ರಗಳು ಬಂದು ಕೆಲಸ ಹೋದ ಮೇಲೆ ಮನೆಯ ಧೂಳಿನ ಮೇಲೆ ತಿರುಗಿಬಿತ್ತು. ಮನೆಯಿರುವುದು ಅದಿರಿನ ಲಾರಿ ಓಡುವ ರಸ್ತೆಯ ಪಕ್ಕ. ಬೆಳಿಗ್ಗೆ ಒರೆಸಿದ ಕಿಟಕಿ ಮಧ್ಯಾಹ್ನಕ್ಕೆ ಮತ್ತೆ ಕೆಂಪು. ಅವಳ ಹೆಗಲ ಮೇಲೆ ಸದಾ ಒಂದು ಒದ್ದೆ ಬಟ್ಟೆ.

ಕರಿಬೇವಿನ ಗಿಡದಲ್ಲಿ ಹಸಿರು ಹುಳ ಕಂಡರೆ ಚಪ್ಪಲಿಯಡಿ ಹಾಕಿ ಹೊಸಕುವುದೂ ಅವಳ ನಿತ್ಯದ ಕೆಲಸವೇ. ಈ ಸಲ ಮೊಮ್ಮಕ್ಕಳು ನೋಡಿಬಿಟ್ಟರು. ಅದು ಪಾತರಗಿತ್ತಿ ಆಗಬೇಕಿತ್ತಂತೆ. ದೊಡ್ಡವಳು ಸುಮಲತಾ ಊಟ ಬಿಟ್ಟಳು. ಏಳು ವರ್ಷದ ಅನುಸೂಯಾ ಎರಡು ದಿನ ಅಜ್ಜಿಯ ಪಕ್ಕ ಮಲಗಲಿಲ್ಲ. ಮೂರನೆಯ ದಿನ ಇಬ್ಬರೂ ಇನ್ನೊಂದು ಹುಳ ಹುಡುಕಿ, ಟೊಂಗೆ ಸಮೇತ ನೀರಿನ ಬಾಟಲಿಯಲ್ಲಿ ನಿಲ್ಲಿಸಿ, ಕಿಟಕಿಯಲ್ಲಿಟ್ಟರು.

"ನಾವು ಸಾಲಿಗೆ ಹೋದಾಗ ನೀನ ಕಾಯಬೇಕು. ಮುಟ್ಟಂಗಿಲ್ಲ ನೋಡಜ್ಜಿ," ಎಂದಳು ಸುಮಲತಾ. ಉಚ್ಚೆಂಗಮ್ಮ ಆಣೆ ಮಾಡಿದಳು.

ಹುಳ ತಿಂದು ತಿಂದು ದಪ್ಪವಾಗಿ, ಒಂದು ದಿನ ನೂಲಿನಿಂದ ತನ್ನನ್ನೇ ಟೊಂಗೆಗೆ ಕಟ್ಟಿಕೊಂಡು ಕೋಶವಾಯಿತು. ಓಡಾಡುವ ಹುಳವನ್ನಾದರೂ ಕಾಯಬಹುದು, ಅಲುಗದ್ದನ್ನು ಕಾಯುವುದು ಹೇಗೆ? ಒಲೆಯ ಮುಂದಿನಿಂದ ಮತ್ತೆಮತ್ತೆ ಎದ್ದು ಬಂದು ನೋಡುವಳು. ಐದನೆಯ ದಿನ ಕೋಶದ ಮೇಲೆ ಕೆಂಪು ಧೂಳು ಕೂತಿತ್ತು. ಒಳಗಿರುವುದಕ್ಕೆ ಉಸಿರು ಕಟ್ಟೀತೆಂದು ಬಟ್ಟೆಯ ತುದಿಯಿಂದ ಮೆಲ್ಲಗೆ ಒರೆಸಿದಳು, ಅಷ್ಟೇ. ನೂಲು ಹರಿದು ಕೋಶ ಕೆಳಗೆ ಬಿತ್ತು.

ಹೂ ಕಟ್ಟಲು ನೆನೆಸಿಟ್ಟಿದ್ದ ಬಾಳೆನಾರನ್ನು ಕೂದಲಿನಷ್ಟು ಸಣ್ಣಗೆ ಸೀಳಿ, ಮಲ್ಲಿಗೆ ಮೊಗ್ಗಿಗೆ ಹಾಕುವ ಗಂಟನ್ನೇ ಹಾಕಿ ಮತ್ತೆ ಟೊಂಗೆಗೆ ಕಟ್ಟಿದಳು. ಮಕ್ಕಳಿಗೆ ಹೇಳಲಿಲ್ಲ.

ಆಮೇಲೆ ಅವಳಿಗೆ ನೆಮ್ಮದಿಯಿಲ್ಲ. ಅನ್ನ ಸೀದಿತು, ಚಹಾಕ್ಕೆ ಉಪ್ಪು ಬಿತ್ತು. ಮೇಲಿನ ಮನೆಯ ಯಮನಮ್ಮ, ಹೆರಿಗೆ ಮನೆ ಮುಂದೆ ಗಂಡ ತಿರುಗಿದಂಗ ತಿರುಗ್ತೀಯಲ್ಲ ಎಂದು ನಕ್ಕಳು. ಶನಿವಾರ ಮಕ್ಕಳು ಬೆಳಗಿನ ಶಾಲೆಗೆ ಹೋದ ಮೇಲೆ ನೋಡಿದರೆ ಕೋಶ ಕಪ್ಪಗಾಗಿತ್ತು. ಸತ್ತಿತು, ಇನ್ನು ಆ ಹುಡುಗಿಯರು ನನ್ನನ್ನು ನಂಬುವುದಿಲ್ಲ ಎಂದುಕೊಂಡು ಕಿಟಕಿಯ ಮುಂದೆ ಕೂತಳು.

ಆಗ ಕೋಶ ಬಿರಿಯಿತು. ಮುದುಡಿದ ಒದ್ದೆ ರೆಕ್ಕೆಗಳ ಒಂದು ಜೀವ ತೆವಳಿ ಹೊರಬಂದು ಟೊಂಗೆಗೆ ಜೋತುಬಿತ್ತು. ಹಿಂಡಿದ ಸೀರೆ ಕೊಡವಿ ಹರವುವಂತೆ ಆ ರೆಕ್ಕೆಗಳನ್ನೂ ಬಿಡಿಸಬೇಕೆಂದು ಕೈ ಎದ್ದೇಬಿಟ್ಟಿತು. ಉಚ್ಚೆಂಗಮ್ಮ ಎರಡೂ ಅಂಗೈಗಳನ್ನು ತೊಡೆಯಡಿ ಒತ್ತಿ ಕೂತಳು. ಕೈ ಜೋಮು ಹಿಡಿದರೂ ತೆಗೆಯಲಿಲ್ಲ.

ಹನ್ನೊಂದೂವರೆಗೆ ಮಕ್ಕಳು ಬಂದಾಗ ಕಪ್ಪು ರೆಕ್ಕೆಯಲ್ಲಿ ಬಿಳಿ ಚುಕ್ಕೆಗಳ ಸಾಲು ಪೂರ್ತಿ ಬಿಚ್ಚಿಕೊಂಡಿತ್ತು. ಅವರು ನೋಡುತ್ತಿದ್ದಂತೆ ಅದು ಎರಡು ಸಲ ರೆಕ್ಕೆ ಬಡಿದು, ಕಿಟಕಿ ದಾಟಿ, ಲಾರಿಯ ಧೂಳಿನ ಮೇಲೇರಿ ಹೋಯಿತು.

ಅನುಸೂಯಾ ಖಾಲಿ ಕೋಶದ ಹತ್ತಿರ ಮೂಗು ಒಯ್ದಳು. "ಈ ನಾರು ಯಾರು ಕಟ್ಟಿದ್ರಜ್ಜಿ?"

"ನಾನವ್ವ," ಎಂದಳು ಉಚ್ಚೆಂಗಮ್ಮ. "ಒರಸಾಕ ಹೋಗಿ ಕೆಡವಿಬಿಟ್ಟಿದ್ದೆ."

ಅಕ್ಕ ತಂಗಿ ಮುಖ ಮುಖ ನೋಡಿಕೊಂಡರು. ಸುಮಲತಾ ಹಿತ್ತಲಿಗೆ ಹೋಗಿ, ಹೊಸ ಹುಳವಿದ್ದ ಟೊಂಗೆಯೊಂದನ್ನು ತಂದು ಬಾಟಲಿಗೆ ಸಿಕ್ಕಿಸಿದಳು.

"ಇದನ್ನೂ ನೀನ ಕಾಯಿ," ಎಂದಳು. "ಆದ್ರ ಆ ಬಟ್ಟೆ ಇಲ್ಲಿ ಕೊಡು."