ಬಾಯ್ಲರಣ್ಣನ ಇದ್ದಿಲು, ನನ್ನ ಮೂಗು

ಬಾಯ್ಲರಣ್ಣನ ಬಗ್ಗೆ ಬರೆಯಲು ಕೂತರೆ ನನ್ನ ಮೂಗಿನ ಬಗ್ಗೆ ಬರೆಯದೆ ಗತಿಯಿಲ್ಲ. ನಾಚಿಕೆಗೇಡಿನ ವಿಷಯ. ಆದರೂ ಮೊದಲೇ ಹೇಳಿಬಿಡುತ್ತೇನೆ: ಅವನು ಕೈಯಾರೆ ಮಾಡಿದ ಒಂದು ಒಳ್ಳೆಯ ವಸ್ತುವನ್ನು ನಾನು ಬಾಯಿಮಾತಿನಲ್ಲೇ ಕೆಡಿಸಿದೆ.

ನಾನು ಆಸ್ಪತ್ರೆಯ ಅಡುಗೆಮನೆಯಲ್ಲಿ ಮುಖ್ಯ ಅಡುಗೆಯವಳು. ಅವನು ಪಕ್ಕದ ಬಾಯ್ಲರ್ ಕೋಣೆಯಲ್ಲಿ ಇಪ್ಪತ್ತಾರು ವರ್ಷದಿಂದ ಬೆಂಕಿ ಕಾಯುವವನು. ಹುಬ್ಬಿನಲ್ಲಿ ಸದಾ ಬೂದಿ, ಕಿವಿಯ ಹಿಂದೆ ಪೆನ್ಸಿಲು. ಅವನು ನನ್ನನ್ನು ಅಕ್ಕ ಎನ್ನುತ್ತಿದ್ದ, ನಾನು ಅವನನ್ನು ಅಣ್ಣ ಎನ್ನುತ್ತಿದ್ದೆ. ಯಾರು ದೊಡ್ಡವರು ಎಂದು ವಿಚಾರಿಸುವ ಗೋಜಿಗೆ ಇಬ್ಬರೂ ಹೋಗಿರಲಿಲ್ಲ. ಬೆಳಗ್ಗೆ ಆವಿ ಏರಿದ ಕೂಡಲೇ ಅವನು ಗೋಡೆಗೆ ಎರಡು ಸಲ ಬಡಿಯುತ್ತಿದ್ದ. ಸೌಟಿನಿಂದ ನಾನು ಒಂದು ಸಲ ಬಡಿದರೆ ಟೀ ಆಗಿದೆ ಎಂದರ್ಥ.

ಉಳಿದವರಿಗೆ ನಾನು ಮೂಗಕ್ಕ. ಯಾವ ಕ್ಯಾನಿನ ಹಾಲು ಕೆಡಲಿದೆ ಎಂದು ಬಾಗಿಲಲ್ಲಿ ನಿಂತೇ ಹೇಳುತ್ತಿದ್ದೆ. ನಾಲ್ಕು ವರ್ಷದ ಹಿಂದೆ ಒಂದು ಜ್ವರ ಬಂತು. ಹೋಗುವಾಗ ಮೂಗನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಯಾರಿಗೂ ಹೇಳಲಿಲ್ಲ. ಈರುಳ್ಳಿಯ ಬಣ್ಣ ನೋಡಿ, ಎಣ್ಣೆಯ ಸದ್ದು ಕೇಳಿ ಅಡುಗೆ ಮಾಡಿದೆ. ಹಾಲು ಬಂದಾಗ ಪಾತ್ರೆ ತೊಳೆಯುವವನ ಮುಖ ನೋಡುತ್ತಿದ್ದೆ. ಅವನು ಮುಖ ಸಿಂಡರಿಸಿದರೆ ಸಾಕು, "ಈ ಹಾಲು ಬೇಡ" ಎಂದು ಗತ್ತಿನಿಂದ ಹೇಳುತ್ತಿದ್ದೆ. ಕೆಲಸ ಹೋದೀತೆಂಬ ಭಯವಿತ್ತು, ನಿಜ. ಅದಕ್ಕಿಂತ ಹೆಚ್ಚಾಗಿ ಜಂಬವಿತ್ತು.

ಕಳೆದ ವರ್ಷ ಬಾಯ್ಲರಣ್ಣನ ಹೆಂಡತಿ ನಮ್ಮಲ್ಲೇ ಮೂರನೆಯ ಮಹಡಿಯ ಕ್ಯಾನ್ಸರ್ ವಾರ್ಡಿಗೆ ಬಂದಳು. ಔಷಧಿಯ ದೆಸೆಯಿಂದ ಹುರಿದ ಈರುಳ್ಳಿಯ ವಾಸನೆ ಬಂದರೆ ಅವಳಿಗೆ ಹೊಟ್ಟೆ ತೊಳಸುತ್ತಿತ್ತು. ನಮ್ಮ ಫ್ಯಾನು ಹೊರಗೆ ದೂಡಿದ ಗಾಳಿ ನೆಟ್ಟಗೆ ಏರುತ್ತಿದ್ದುದು ಅವಳ ಕಿಟಕಿಗೇ. ಊಟ ಸೇರುತ್ತಿರಲಿಲ್ಲ. ತೂಕ ಇನ್ನೂ ಇಳಿದರೆ ಮುಂದಿನ ಔಷಧಿ ಕೊಡಲಾಗುವುದಿಲ್ಲ ಎಂದರು ಡಾಕ್ಟರು.

ಬಾಯ್ಲರಣ್ಣ ನನ್ನ ಕಸದ ಬುಟ್ಟಿಗೆ ಕೈ ಹಾಕಿದ್ದು ಆಗ. ತೆಂಗಿನ ಚಿಪ್ಪು ಒಂದು ಕಡೆ, ಕಡಲೆಕಾಯಿ ಸಿಪ್ಪೆ ಒಂದು ಕಡೆ ಆರಿಸಿಟ್ಟುಕೊಂಡ. ಮುಚ್ಚಿದ ಡಬ್ಬಿಯಲ್ಲಿ ಸುಟ್ಟು ಇದ್ದಿಲು ಮಾಡಿದ. ಆಮೇಲೆ ಅದನ್ನು ಕಬ್ಬಿಣದ ಕೊಳವೆಯಲ್ಲಿ ತುಂಬಿ, ಕುಲುಮೆಯೊಳಗೆ ಕೆಂಪಗೆ ಕಾಯಿಸಿ, ಬಾಯ್ಲರಿನ ಆವಿಯನ್ನೇ ಅದರೊಳಗೆ ಬಿಟ್ಟ.

"ಇದ್ದಿಲು ಇದ್ರೆ ಸಾಲ್ದೇನಣ್ಣ?" ಎಂದೆ.

"ಬರೀ ಇದ್ದಿಲು ಒಲೆಗೇ ಸರಿ ಅಕ್ಕ. ಆವಿ ಹೊಡೆದ್ರೆ ಅದರ ಮೈಯೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ತೂತು ಬೀಳುತ್ತೆ. ವಾಸನೆ ಹೋಗಿ ಆ ತೂತಲ್ಲಿ ಕೂತ್ಕೊಂಡ್ಬಿಡುತ್ತೆ."

ವಾರಗಟ್ಟಲೆ ಒದ್ದಾಡಿ, ಜರಡಿ ಹಿಡಿದು, ಫ್ಯಾನಿನ ಗಾಳಿ ಸೋಸಲು ಎರಡು ತಟ್ಟೆ ಸಿದ್ಧ ಮಾಡಿದ, ಚಿಪ್ಪಿನದೊಂದು, ಸಿಪ್ಪೆಯದೊಂದು. ಜಿಡ್ಡು ಹಿಡಿಯಲು ಮುಂದೆ ತಂತಿಯ ಜಾಲರಿ, ಹಿಂದೆ ಇದ್ದಿಲು. ನಾನು ಈರುಳ್ಳಿ ಹುರಿಯಬೇಕು, ತಟ್ಟೆಯ ಆಚೆ ಬರುವ ಗಾಳಿಯನ್ನು ಮೂಸಿ ಹೇಳಬೇಕು. ಅವನ ಮೂಗು ಹೊಗೆಯಲ್ಲೇ ಮುದಿಯಾಗಿತ್ತು. "ನೀನು ಹೇಳಿದ್ಮೇಲೆ ಮುಗೀತಕ್ಕ" ಎಂದ. ನಾನು ಪಾತ್ರೆ ತೊಳೆಯುವವನ ಮುಖ ಹುಡುಕಿದೆ. ಅವನು ಕಸ ಚೆಲ್ಲಲು ಹೋಗಿದ್ದ. ಮೊದಲು ಒಂದನ್ನು ಮೂಸಿದೆ, ಆಮೇಲೆ ಇನ್ನೊಂದನ್ನು, ಕಣ್ಣು ಮುಚ್ಚಿಕೊಂಡು ದೊಡ್ಡ ಪಂಡಿತೆಯ ಹಾಗೆ. ಕಡಲೆಕಾಯಿ ಸಿಪ್ಪೆಯದು ಹೆಚ್ಚು ಕಪ್ಪಗಿತ್ತು. ಅದಕ್ಕೇ ಬೆರಳು ತೋರಿಸಿದೆ.

"ಇದ್ರಲ್ಲಿ ಒಂಚೂರೂ ಇಲ್ಲಣ್ಣ."

ಅಷ್ಟರಲ್ಲಿ ಪಾತ್ರೆ ತೊಳೆಯುವವನು ಬಂದು ಮೂಸಿ, "ಬರ್ತಿದೆಯಲ್ಲಕ್ಕ, ಆ ಚಿಪ್ಪಿಂದೇ ವಾಸಿ" ಎಂದ.

"ನಿನ್ನ ಮೂಗಿಗೆ ಸೋಪು ಬಿಟ್ಟು ಇನ್ನೇನು ಗೊತ್ತು? ಹೋಗು, ಪಾತ್ರೆ ಉಜ್ಜು" ಎಂದೆ. ಎಲ್ಲರೂ ನಕ್ಕರು. ಬಾಯ್ಲರಣ್ಣನೂ ನಕ್ಕ. ಚಿಪ್ಪಿನ ಇದ್ದಿಲನ್ನು ಅವತ್ತೇ ತೋಟದವನಿಗೆ ಗಿಡದ ಬುಡಕ್ಕೆ ಹಾಕಲು ಕೊಟ್ಟುಬಿಟ್ಟ.

ನಾನು ಬೆರಳು ತೋರಿಸಿದ ತಟ್ಟೆ ಫ್ಯಾನಿನ ಬಾಯಿಗೆ ಕೂತಿತು. ಹದಿನೈದು ದಿನದ ಮೇಲೆ ಊಟ ಒಯ್ಯುವವಳು ರಜ ಹಾಕಿದ್ದಳೆಂದು ನಾನೇ ಮೇಲೆ ಹೋದೆ. ಬಾಯ್ಲರಣ್ಣನ ಹೆಂಡತಿ ಬಿಳಿ ಟವಲನ್ನು ಮೂಗಿಗೆ ಒತ್ತಿಕೊಂಡು, ಕಣ್ಣು ಬಿಗಿದು ಮುಚ್ಚಿ, ಬ್ರೆಡ್ಡಿನ ಚೂರೊಂದನ್ನು ನುಂಗಲು ಹೆಣಗುತ್ತಿದ್ದಳು. ನನ್ನನ್ನು ಕಂಡು ಟವಲನ್ನು ದಿಂಬಿನ ಕೆಳಗೆ ಬಚ್ಚಿಟ್ಟಳು.

"ವಾಸನೆ ಇಲ್ಲ ಅಂತ ಗೊತ್ತಕ್ಕ. ನೀವೇ ಮೂಸಿ ನೋಡಿದ್ರಂತಲ್ಲ. ನನ್ನ ಮನಸ್ಸೇ ಸರಿ ಇಲ್ಲ. ಇವ್ರು ಅಷ್ಟು ಕಷ್ಟಪಟ್ಟು ಮಾಡಿದ್ದಾರೆ, ನಾನು ಮಾತ್ರ ವಾಸನೆ ವಾಸನೆ ಅಂತೀನಿ. ಮೊನ್ನೆ ಬೈದ್ರು ಕೂಡ."

ಮಂಚದ ತುದಿಗೆ ನೇತುಹಾಕಿದ್ದ ಹಾಳೆಯಲ್ಲಿ ತೂಕ ಬರೆದಿತ್ತು. ಮೂರು ಕಿಲೋ ಇಳಿದಿತ್ತು. ಔಷಧಿಯನ್ನು ಮುಂದಕ್ಕೆ ಹಾಕಿದ್ದರು. ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. ಅಲ್ಲೇ ಹೇಳಿಬಿಡಬಹುದಿತ್ತು. ಬಾಯಿ ತೆರೆದೆ, "ನಿಧಾನಕ್ಕೆ ತಿನ್ನಿ" ಎಂದಷ್ಟೇ ಹೇಳಿ ಮೆಟ್ಟಿಲಿಳಿದು ಬಂದೆ. ನನಗೆ ಎಲ್ಲಕ್ಕಿಂತ ನಾಚಿಕೆಯಾಗುವುದು ಆ ಇಳಿದು ಬಂದದ್ದಕ್ಕೆ.

ಮರುದಿನ ಬಾಯ್ಲರಣ್ಣ ತಟ್ಟೆಗೆ ಹೊಸ ಇದ್ದಿಲು ತುಂಬಿಕೊಂಡು ಬಂದ. ಅದೇ ಕಡಲೆಕಾಯಿ ಸಿಪ್ಪೆಯದು. ಎಲ್ಲರೆದುರಿಗೆ ಕರೆದ.

"ಬಾರಕ್ಕ, ಸ್ವಲ್ಪ ಮೂಸಿ ಹೇಳು."

ನಾನು ಸೌಟು ಕೆಳಗಿಟ್ಟೆ. "ಅಣ್ಣ, ನನ್ನ ಮೂಗು ಸತ್ತು ಮೂರು ವರ್ಷ ಆಯ್ತು. ಅವತ್ತೂ ನಂಗೆ ಏನೂ ಗೊತ್ತಾಗ್ಲಿಲ್ಲ. ಸುಮ್ನೆ ಬಾಯಿಗೆ ಬಂದಿದ್ದು ಹೇಳ್ದೆ. ನಿನ್ನ ಹೆಂಡ್ತಿ ಹೇಳಿದ್ದೇ ನಿಜ."

ಬಾಯ್ಲರಣ್ಣ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಕೈಯಲ್ಲಿದ್ದ ತಟ್ಟೆಯನ್ನು ಮೆಲ್ಲಗೆ ನೆಲಕ್ಕಿಟ್ಟ.

"ನಿನಗೆ ತಲೆ ಕೆಟ್ಟಿದೆ ಅಂದೆ ನಾನು ಅವಳಿಗೆ" ಎಂದ, ನನಗಲ್ಲ, ತಟ್ಟೆಗೆ. ಆಮೇಲೆ ಮಸಿ ಮೆತ್ತಿದ ಬೂಟಿನಲ್ಲೇ ಮೂರು ಮಹಡಿ ಹತ್ತಿ ಹೋದ. ನರ್ಸು ತಡೆದರೂ ನಿಲ್ಲಲಿಲ್ಲವಂತೆ.

ಚಿಪ್ಪಿನ ಇದ್ದಿಲನ್ನು ಹೊಸದಾಗಿ ಮಾಡಿದ. ಈ ಸಲ ಮೂಸಿದವಳು ಅವಳೇ. ಕೆಳಗೆ ನಾನು ಈರುಳ್ಳಿ ಹುರಿದೆ. ವಾಸನೆ ಬಂದರೆ ಅವಳು ಕಿಟಕಿಯಲ್ಲಿ ಟವಲು ಹಾಕಬೇಕು. ಅವನು ಅಂಗಳದಲ್ಲಿ ನಿಂತು ಕತ್ತೆತ್ತಿ ನೋಡುತ್ತಿದ್ದ. ಎರಡು ಬುಟ್ಟಿ ಈರುಳ್ಳಿ ಮುಗಿದರೂ ಟವಲು ಬರಲಿಲ್ಲ. ಬಂದದ್ದು ಅವಳ ಕೈ, ಊಟದ ಖಾಲಿ ತಟ್ಟೆ ಹಿಡಿದುಕೊಂಡು. ಅಡುಗೆಮನೆಯವರೆಲ್ಲ ಕೂಗಾಡಿದರು. ನಾನು ಒಲೆಯ ಕಡೆ ತಿರುಗಿ ನಿಂತೆ.

ಔಷಧಿ ಮತ್ತೆ ಶುರುವಾಯಿತು. ತಡವಾದರೂ ಮುಗಿಯಿತು. ಅವಳು ಮನೆಗೆ ಹೋಗಿದ್ದಾಳೆ. ನನ್ನ ಕೆಲಸವೇನೂ ಹೋಗಲಿಲ್ಲ. ಹಾಲು ಮೂಸುವ ಅಧಿಕಾರ ಮಾತ್ರ ಪಾತ್ರೆ ತೊಳೆಯುವವನಿಗೆ ಹೋಯಿತು. ಅವನು ಗತ್ತು ಮಾಡುವುದಿಲ್ಲ, ಅದೇ ನನಗೆ ಇನ್ನಷ್ಟು ಚುಚ್ಚುತ್ತದೆ.

ತಿಂಗಳಿಗೊಮ್ಮೆ ಬಾಯ್ಲರಣ್ಣ ಇದ್ದಿಲು ಬದಲಾಯಿಸಲು ಬರುತ್ತಾನೆ. ಗೋಡೆ ಬಡಿಯುವುದನ್ನು ನಿಲ್ಲಿಸಿದ್ದಾನೆ. ನಾನು ಸೌಟಿನಿಂದ ಬಡಿದು ನೋಡಿದ್ದೇನೆ, ಆ ಕಡೆಯಿಂದ ಸದ್ದಿಲ್ಲ. ಬಾಗಿಲ ಹೊರಗೇ ನಿಂತು, ಬಹಳ ಮರ್ಯಾದೆಯಿಂದ ಹೇಳುತ್ತಾನೆ:

"ಅಡುಗೆಯವ್ರೇ, ಸ್ವಲ್ಪ ಫ್ಯಾನ್ ಆಫ್ ಮಾಡ್ತೀರಾ?"