ಮರ್ಯಾದೆಯ ಬೇಡ

ಹೊನ್ನಾವರದ ಕಚೇರಿಯೊಂದರಲ್ಲಿ ಮೂವತ್ತು ವರ್ಷ ಪತ್ರ ಬರೆದು ನಿವೃತ್ತರಾದ ಮಹಾಗಣಪತಿ ಹೆಗಡೆಯವರಿಗೆ ಇಂಗ್ಲಿಷ್ ಬರುತ್ತದೆ ಎಂಬುದರಲ್ಲಿ ನಮ್ಮ ಮಾವಳ್ಳಿಯಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅವರಿಗಂತೂ ಇರಲೇ ಇಲ್ಲ. ಊರಿನ ಯಾರ ಇಮೇಲ್ ಆದರೂ ಅವರ ಜಗಲಿ ಹತ್ತಿಯೇ ಹೋಗಬೇಕು. ‘ಆಸ್ಕ್’ ಅಂಗಿ ಹಿಡಿದು ಕೇಳಿದ ಹಾಗಂತೆ, ‘ಬೆಗ್’ ಕಾಲಿಗೆ ಬಿದ್ದ ಹಾಗಂತೆ. ಒಂದು ಕ್ರಿಯಾಪದ ಆರಿಸಲು ಎರಡು ಎಲೆಯಡಿಕೆ ಕವಳ ಖರ್ಚಾಗುತ್ತಿತ್ತು.

ನಮ್ಮ ಪಕ್ಕದ ಮನೆ ಈರಮ್ಮನ ಮಗಳು ಧನ್ಯಾ ಭಟ್ಕಳದ ಸೀರೆ ಅಂಗಡಿಯಲ್ಲಿ ಆರು ವರ್ಷ ನಿಂತೇ ದುಡಿದವಳು. ಕಾಲಿನ ನರ ಉಬ್ಬಿ, ಕೂತು ಮಾಡುವ ಕೆಲಸ ನೋಡಿಕೋ ಎಂದು ಡಾಕ್ಟರು ಹೇಳಿದ್ದರು. ಕೊನೆಗೂ ಕುಮಟೆಯ ಮೀನು ರಫ್ತು ಕಂಪನಿಯೊಂದರಿಂದ ಇಮೇಲ್ ಬಂತು. ಕಚೇರಿ ಕೆಲಸ, ಒಪ್ಪಿಗೆಯನ್ನು ಸಂಜೆಯೊಳಗೆ ತಿಳಿಸಬೇಕು. ಹುಡುಗಿ ಫೋನ್ ಹಿಡಿದು ಜಗಲಿಗೆ ಓಡಿದಳು. ನಾನೂ ಹಿಂದೆಯೇ ಹೋದೆ.

“ಅಕ್ಸೆಪ್ಟ್ ಅಂತ ಬರೀಲಾ ಹೆಗಡೇರೆ?”

“ಛೆ! ಕರೆದ ಕೂಡ್ಲೇ ಕೈ ಚಾಚ್ತಾರಾ ತಂಗಿ? ಊಟಕ್ಕೆ ಕೂತಾಗ ಹೋಳಿಗೆ ತಂದ್ರೆ ಎಂತ ಹೇಳೂದು?”

“ಬೇಡ ಹೇಳೂದು.”

“ಬಡಿಸೋರು ಬಿಡ್ತಾರಾ?”

“ಒತ್ತಾಯ ಮಾಡಿ ಎರಡು ಹಾಕ್ತಾರೆ.”

“ಆತಲ್ಲ. ಕಂಪನಿಯೂ ಹಾಗೇ.”

ಇನ್ನು ಬೇಡ ಎನ್ನಲು ಪದ ಬೇಕು. ‘ರಿಜೆಕ್ಟ್’ ಎಂದರೆ ಎಲೆ ಎತ್ತಿ ಎಸೆದಂತೆ, ‘ರಿಫ್ಯೂಸ್’ ಎಂದರೆ ಎಲೆಗೆ ಕೈ ಅಡ್ಡ ಹಿಡಿದಂತೆ. ‘ಡಿಕ್ಲೈನ್’ ಮಾತ್ರ ನಗುನಗುತ್ತ ತಲೆ ಬಾಗಿಸಿದಂತೆ. ಅರ್ಧ ಗಂಟೆ ತೂಗಿ ನೋಡಿ ಅದನ್ನೇ ಬರೆಸಿದರು.

“ಇದೂ ಬೇಡ ಅಂತಲೇ ಅಲ್ದಾ?” ಧನ್ಯಾಳ ಬೆರಳು ನಿಂತಿತು.

“ಹೌದು, ಆದ್ರೆ ಮರ್ಯಾದೆಯ ಬೇಡ. ಒತ್ತು.”

ಒತ್ತಿದಳು. ಒತ್ತಾಯಕ್ಕೆ ಕಾಯುತ್ತ ಕುಳಿತೆವು. ಸ್ವಲ್ಪ ಹೊತ್ತಿಗೆ ಉತ್ತರ ಬಂತು: ನಿಮ್ಮ ನಿರ್ಧಾರವನ್ನು ಗೌರವಿಸುತ್ತೇವೆ, ಶುಭವಾಗಲಿ. ಧನ್ಯಾ ಕೂಡಲೇ ಕಂಪನಿಗೆ ಫೋನ್ ಮಾಡಿದಳು. ಪಟ್ಟಿಯಲ್ಲಿ ಎರಡನೆಯವಳು ಆಗಲೇ ಹೂಂ ಎಂದಾಗಿತ್ತು. ಹೋಳಿಗೆ ಪಕ್ಕದ ಎಲೆಗೆ ಹೋಗಿತ್ತು.

“ಎರಡನೇ ಸಲ ಕೇಳುವ ಸಂಸ್ಕಾರವೇ ಇಲ್ಲ ಅವರಿಗೆ,” ಎಂದು ಹೆಗಡೇರು ಕವಳ ಉಗಿದರು. ನನಗೆ ಮೈಯೆಲ್ಲ ಉರಿಯಿತು. ಸಂಸ್ಕಾರ ಇವರದು, ನೋವು ಆ ಹುಡುಗಿಯ ಕಾಲಿಗೆ.

ವಾರದ ನಂತರ, ಸುಡು ಬಿಸಿಲಲ್ಲಿ, ಸಮಾಧಾನ ಹೇಳಲು ಅವರೇ ಈರಮ್ಮನ ಮನೆಗೆ ನಡೆದು ಬಂದರು. ಈರಮ್ಮ ಲೋಟದ ತುಂಬ ಕೋಕಂ ಪಾನಕ ತಂದಳು.

“ಬೇಡ ಈರಮ್ಮ, ಈಗಷ್ಟೇ ಕುಡ್ದು ಬಂದೆ.” ಹೆಗಡೇರ ಕಣ್ಣು ಲೋಟದ ಮೇಲೆಯೇ ಇತ್ತು.

“ಆತು,” ಎಂದಳು ಈರಮ್ಮ. ಲೋಟವನ್ನು ತಿರುಗಿ ಒಳಗೆ ಒಯ್ದು, ಸೀರೆ ಅಂಗಡಿಗೆ ಹೊರಟು ನಿಂತಿದ್ದ ಮಗಳ ಕೈಗೆ ಕೊಟ್ಟಳು.